ಓದಿಗೆ ಹಣ ಕೊಟ್ಟವರು ಯಾರು? – ವಾರಾನ್ನದಿಂದ ಬ್ಯಾಂಕ್ ಸಾಲದವರೆಗೆ



ಕಳೆದ ವರ್ಷ ಕಾಲೇಜು ಪ್ರವೇಶದ ದಿನಗಳಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. 1986ರ ಎಸ್.ಎಸ್.ಎಲ್.ಸಿ. ತಂಡದವನು. ಈಗ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಕಾಫಿ ಕುಡಿದಾದ ಮೇಲೆ ಕೈಚೀಲದಿಂದ ಬ್ಯಾಂಕಿನ ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟ. ಮಗಳಿಗೆ ಇಂಜಿನಿಯರಿಂಗ್ ಓದಿಸಲು ಎಂಟು ಲಕ್ಷ ರೂಪಾಯಿ ಸಾಲ. ಮೊತ್ತ ಏಳೂವರೆ ಲಕ್ಷವನ್ನು ಮೀರಿದ್ದರಿಂದ ಬ್ಯಾಂಕಿನವರು ಅಂಗಡಿ ಮಳಿಗೆಯ ಪತ್ರವನ್ನು ಆಧಾರವಾಗಿ ಕೇಳಿದ್ದರು.

"ಮಾಡಲೋ ಬೇಡವೋ ನೀವೇ ಹೇಳಿ ಮೇಷ್ಟ್ರೇ. ಆವತ್ತು ನಮ್ಮಪ್ಪನಿಗೆ ಹೇಳಿದವರೂ ನೀವೇ ತಾನೆ?" ಎಂದ. ನಗುತ್ತಲೇ ಹೇಳಿದ, ಆದರೆ ಆ ಮಾತು ನನ್ನ ಎದೆಗೆ ನಾಟಿತು.

1988ರಲ್ಲಿ ಅವನ ತಂದೆ ಇದೇ ಜಗುಲಿಯ ಮೇಲೆ ಕುಳಿತು, ಎರಡು ಎಕರೆ ಹೊಲ ಮಾರಿ ಮಗನಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ "ಡೊನೇಷನ್ ಸೀಟು" ಕೊಡಿಸಲೇ ಎಂದು ಕೇಳಿದ್ದರು. "ಬೇಡ, ಹೊಲ ಮಾರಬೇಡಿ" ಎಂದವನು ನಾನು. ಅವರು ಮಾರಲಿಲ್ಲ. ಹುಡುಗ ಇಂಜಿನಿಯರ್ ಆಗಲಿಲ್ಲ. ನನ್ನ ಸಲಹೆ ಸರಿಯಾಗಿತ್ತೇ ಎಂಬ ಪ್ರಶ್ನೆ ಮೂವತ್ತೇಳು ವರ್ಷಗಳಿಂದ ನನ್ನೊಳಗೆ ಉಳಿದಿದೆ. ಉತ್ತರ ಹುಡುಕುವ ನೆಪದಲ್ಲಿ, ಹಿಂದಿನ ಕಾಲದಿಂದ ನಮ್ಮ ನಾಡಿನಲ್ಲಿ ಉನ್ನತ ವಿದ್ಯೆಯ ವೆಚ್ಚವನ್ನು ಯಾರು ಭರಿಸಿದರು, ಅದರ ಫಲ ಯಾರಿಗೆ ದಕ್ಕಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂದೆಯವರ ಕಾಲದಲ್ಲಿ ಬಡ ವಿದ್ಯಾರ್ಥಿಗೆ ಮೊದಲ ಆಸರೆ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ಯಾರೋ ದೂರದ ನೆಂಟರ ಮನೆ – ಹೀಗೆ ಏಳು ದಿನಕ್ಕೆ ಏಳು ಮನೆಗಳಲ್ಲಿ ಊಟ. ನಮ್ಮ ತಂದೆಯವರಿಗೆ ಐದು ಮನೆಗಳು ಮಾತ್ರ ಸಿಕ್ಕಿದ್ದವಂತೆ. ಉಳಿದೆರಡು ದಿನ ಅವಲಕ್ಕಿ. ಅನ್ನ ಹಾಕಿದ ತಾಯಂದಿರು ಅದನ್ನು ಹೂಡಿಕೆ ಎಂದು ಕರೆಯಲಿಲ್ಲ, ಲೆಕ್ಕವನ್ನೂ ಬರೆದಿಡಲಿಲ್ಲ. ಆದರೆ ಆ ವ್ಯವಸ್ಥೆಯನ್ನು ಬರಿದೇ ಕೊಂಡಾಡುವಂತೆಯೂ ಇಲ್ಲ. ವಾರಾನ್ನದ ಬಾಗಿಲು ಜಾತಿ ನೋಡಿ ತೆರೆಯುತ್ತಿತ್ತು. ಎಷ್ಟೋ ಮಕ್ಕಳಿಗೆ ಆ ಬೀದಿಗೇ ಪ್ರವೇಶವಿರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ವಿದ್ಯಾರ್ಥಿನಿಲಯಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದೇ ಸಮುದಾಯ ತನ್ನ ಮಕ್ಕಳಿಗಾಗಿ ಸಂಘ ಕಟ್ಟಿಕೊಂಡಿತು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು, ಆ ಭಾಗದ ಜನ ಇಂದಿಗೂ ಅವರನ್ನು ಸಪ್ತರ್ಷಿಗಳೆಂದು ಸ್ಮರಿಸುತ್ತಾರೆ. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ನೀಡಿದರು. ಅವರ ಸಂಸ್ಥೆಯಲ್ಲಿ ಆ ದಾಸೋಹ ಈಗಲೂ ನಡೆದಿದೆ. ರೈತರು ತಂದೊಪ್ಪಿಸಿದ ರಾಗಿ, ತೆಂಗಿನಕಾಯಿಗಳೂ ಆ ಮಕ್ಕಳ ಓದಿಗೆ ಸಂದ ಬಂಡವಾಳವೇ.

ಇನ್ನು ಸರಕಾರದ ಹಣ. ಇದಕ್ಕೆ ನಮ್ಮಲ್ಲಿ ವಿಶ್ವೇಶ್ವರಯ್ಯನವರಿಗಿಂತ ಉತ್ತಮ ನಿದರ್ಶನವಿಲ್ಲ. ಮುದ್ದೇನಹಳ್ಳಿಯ ಹುಡುಗ, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರರಾದರು. ಮೈಸೂರು ಸರಕಾರ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರಲ್ಲಿ ಇಂಜಿನಿಯರಿಂಗ್ ಮುಗಿಸಿದ ಅವರು ಮೈಸೂರಿಗೆ ಮರಳದೆ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದರು. ಆಗ ಲೆಕ್ಕ ಹಾಕಿದವರಿದ್ದರೆ ಸಂಸ್ಥಾನದ ಹಣ ವ್ಯರ್ಥವಾಯಿತೆಂದೇ ಬರೆಯುತ್ತಿದ್ದರು. ಆದರೆ 1909ರಲ್ಲಿ ಅವರು ಮುಖ್ಯ ಇಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದೂ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಆಗಲೇ. ಒಬ್ಬ ಬಡ ಹುಡುಗನ ಮೇಲೆ ಸಂಸ್ಥಾನ ಹೂಡಿದ ಹಣ ಕಾಲು ಶತಮಾನದ ನಂತರ, ಲಕ್ಷಾಂತರ ಜನರಿಗೆ ಹಂಚಿಹೋಗುವಂತೆ ಹಿಂತಿರುಗಿತು. ವಿದ್ಯೆಯ ಫಲ ತೆಂಗಿನ ಸಸಿಯಂತೆ; ನೆಟ್ಟವನ ಅವಸರಕ್ಕೆ ಅದು ಕಾಯಿ ಬಿಡುವುದಿಲ್ಲ.

ವೇತನ ಕೊಟ್ಟು ಕರಾರು ಹಾಕುವ ಪದ್ಧತಿಯೂ ಇತ್ತು. 1913ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಡಾ. ಅಂಬೇಡ್ಕರರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದಾಗ, ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಷರತ್ತಿತ್ತು. ಅವರು ಬಂದು ಸೇವೆಗೆ ಸೇರಿದರು. ಆದರೆ ಕಚೇರಿಯ ಜವಾನರೂ ಮುಟ್ಟದಂತೆ ದೂರವಿಟ್ಟರು, ಊರಿನಲ್ಲಿ ಇರಲು ಮನೆ ಸಿಗಲಿಲ್ಲ. ಕೊನೆಗೆ ಊರನ್ನೇ ಬಿಡಬೇಕಾಯಿತು. ಓದಿಗೆ ಹಣ ಒದಗಿಸಿದರೆ ಮಾತ್ರ ಸಾಲದು, ಓದಿದವನಿಗೆ ಸ್ಥಾನ ಕೊಡುವ ಮನಸ್ಸು ಸಮಾಜಕ್ಕೂ ಇರಬೇಕು ಎಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠ ಬೇಕೇ? ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದವರ ವಿದ್ಯೆ ಮತ್ತು ಉದ್ಯೋಗ ಎರಡನ್ನೂ ಜೊತೆಯಾಗಿ ಪರಿಶೀಲಿಸಿದ್ದು ದೂರದೃಷ್ಟಿಯ ಕೆಲಸ.

ಇಂದಿನ ಶಿಕ್ಷಣ ಸಾಲದ ಬೇರನ್ನು ಹುಡುಕಿದರೆ ಅದು 1892ಕ್ಕೆ ಹೋಗುತ್ತದೆ. ಆ ವರ್ಷ ಜಮ್‌ಷೆಡ್‌ಜಿ ಟಾಟಾ ಅವರು ಭಾರತೀಯರ ಉನ್ನತ ವ್ಯಾಸಂಗಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಅದು ದಾನವಲ್ಲ, ಸಾಲರೂಪದ ವಿದ್ಯಾರ್ಥಿವೇತನ. ಒಬ್ಬ ಓದಿ ಸಂಪಾದಿಸಿ ತೀರಿಸಿದ ಹಣ ಇನ್ನೊಬ್ಬನ ಓದಿಗೆ ಒದಗುತ್ತದೆ. ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಅವರು ಲಂಡನ್ನಿನಲ್ಲಿ ಡಾಕ್ಟರೇಟ್ ಮಾಡಿದ್ದು ಈ ನಿಧಿಯ ನೆರವಿನಿಂದ. ನಮ್ಮ ಕರಾವಳಿಯಲ್ಲೂ ಬ್ಯಾಂಕು ಮತ್ತು ಶಾಲೆ ಅಕ್ಕಪಕ್ಕದಲ್ಲೇ ಬೆಳೆದವು. ಮಂಗಳೂರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲು ತೆರೆದ ಅಮ್ಮೆಂಬಳ ಸುಬ್ಬರಾವ್ ಪೈಗಳೇ 1906ರಲ್ಲಿ ಕೆನರಾ ಬ್ಯಾಂಕಿನ ಸ್ಥಾಪಕರಾದರು. ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಕಟ್ಟಿದರು. ವಿದ್ಯಾರ್ಥಿಗಳೇ ಕೊಟ್ಟ ಹಣದಿಂದ ಕಾಲೇಜು ನಡೆಸಬಹುದೆಂಬುದನ್ನು ನಾಡು ಅಲ್ಲಿ ಕಂಡಿತು. ಆ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೇ ವಿಲೀನವಾಯಿತು.

ಆ ದಾರಿಯನ್ನು ಅನುಸರಿಸಿದವರೆಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ "ಕ್ಯಾಪಿಟೇಷನ್" ಎಂಬ ಶಬ್ದ ಹಳ್ಳಿಯ ರೈತನ ಬಾಯಿಗೂ ಬಂದಿತು. ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. 1982ರಲ್ಲಿ ಬಿ.ಎಡ್. ಸೀಟಿಗಾಗಿ ನಾನೂ ನಮ್ಮ ತಂದೆಯವರೂ ಒಂದು ಕಾಲೇಜಿಗೆ ಹೋಗಿದ್ದೆವು. ಗುಮಾಸ್ತರು ಅಂಕಪಟ್ಟಿಯನ್ನು ತಿರುಗಿಯೂ ನೋಡದೆ ಒಂದು ಚೀಟಿಯ ಮೇಲೆ ಮೊತ್ತ ಬರೆದು ಮುಂದೆ ಸರಿಸಿದರು. ತಂದೆಯವರು ಅದನ್ನು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡು ಎದ್ದರು. ಬಸ್ಸಿನಲ್ಲಿ ಊರು ತಲಪುವವರೆಗೆ ಇಬ್ಬರೂ ಮಾತನಾಡಲಿಲ್ಲ. ಮರುವರ್ಷ ಸರಕಾರಿ ಕಾಲೇಜಿನಲ್ಲಿ ನನಗೆ ಸೀಟು ದೊರೆಯಿತು. 1988ರಲ್ಲಿ ನಾನು "ಹೊಲ ಮಾರಬೇಡಿ" ಎಂದದ್ದರಲ್ಲಿ ಆ ಚೀಟಿಯ ಮೇಲಿನ ಕೋಪವೂ ಸೇರಿತ್ತೆಂದು ಈಗ ಅನ್ನಿಸುತ್ತದೆ.

ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 1984ರಲ್ಲೇ ಆಗಿತ್ತು. 1989ರ ಜೂನ್ 5ರ ಅಧಿಸೂಚನೆಯಲ್ಲಿ ಸರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಗೊತ್ತುಮಾಡಿತು – ಸರಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ ಹೆಚ್ಚೆಂದರೆ 25,000, ಹೊರರಾಜ್ಯದವರಿಗೆ 60,000. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ನ್ಯಾಯಾಲಯ ಶಿಕ್ಷಣವು ಪ್ರಜೆಯ ಹಕ್ಕೆಂದೂ, ಕ್ಯಾಪಿಟೇಷನ್ ಸಂವಿಧಾನಬಾಹಿರವೆಂದೂ ತೀರ್ಪಿತ್ತಿತು. 1993ರ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟುಗಳನ್ನು "ಫ್ರೀ", ಇನ್ನರ್ಧವನ್ನು "ಪೇಮೆಂಟ್" ಎಂದು ವಿಭಾಗಿಸಿತು. ಇದರ ಬೆನ್ನಲ್ಲೇ 1994ರಲ್ಲಿ ನಮ್ಮಲ್ಲಿ ಸಿ.ಇ.ಟಿ. ಬಂದಿತು. ನಿಮ್ಮಲ್ಲಿ ಎಷ್ಟೋ ಜನ ಅದರ ಫಲಾನುಭವಿಗಳು. ಹಳ್ಳಿಯ ಮಗುವೊಂದು ಯಾರ ಶಿಫಾರಸೂ ಇಲ್ಲದೆ ರ‍್ಯಾಂಕಿನ ಬಲದಿಂದ ಸೀಟು ಪಡೆಯುವುದು ಸಣ್ಣ ಮಾತಾಗಿರಲಿಲ್ಲ.

ಆದರೂ ಆ ವ್ಯವಸ್ಥೆಯಲ್ಲಿ ಒಂದು ವಕ್ರತೆ ಇತ್ತು. ಕೋಚಿಂಗ್ ಪಡೆದ ಪಟ್ಟಣದ ಅನುಕೂಲವಂತರ ಮಕ್ಕಳು ಫ್ರೀ ಸೀಟು ಪಡೆದು, ಹಳ್ಳಿಯ ಮಗು ಪೇಮೆಂಟ್ ಸೀಟಿಗೆ ಸೇರಿ ಅವರ ಶುಲ್ಕವನ್ನೂ ತಾನೇ ಹೊರುವ ಪ್ರಸಂಗಗಳು ನಡೆದವು. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು. ಕಾಲೇಜುಗಳು ಬೆಳವಣಿಗೆಗಾಗಿ ಮಿತವಾದ ಉಳಿತಾಯ ಮಾಡಬಹುದು, ಲಾಭಕೋರತನ ಕೂಡದು ಎಂದಿತು. ಮಿತಿ ಎಲ್ಲಿ ಮುಗಿಯುತ್ತದೆ, ಲಾಭಕೋರತನ ಎಲ್ಲಿ ಆರಂಭವಾಗುತ್ತದೆ ಎಂಬ ಜಗಳ ಪ್ರತಿವರ್ಷ ಸೀಟು ಹಂಚಿಕೆಯ ಹೊತ್ತಿಗೆ ತಲೆಯೆತ್ತುತ್ತಲೇ ಇದೆ.

ಇದೇ ಕಾಲದಲ್ಲಿ ಹಣದ ಭಾರ ಮೆಲ್ಲನೆ ಸರಕಾರದ ಹೆಗಲಿನಿಂದ ಕುಟುಂಬದ ಹೆಗಲಿಗೆ ಜಾರಿತು. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತ್ತು. ಆ ಗುರಿಯನ್ನು ನಾವು ಮುಟ್ಟಲೇ ಇಲ್ಲ. 2001ರಲ್ಲಿ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ ಬಂದಿತು. 2009ರಿಂದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿನವರಿಗೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸತೊಡಗಿತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ವಿದ್ಯಾಲಕ್ಷ್ಮಿ ಯೋಜನೆ, ಆಯ್ದ ವಿದ್ಯಾಸಂಸ್ಥೆಗಳಲ್ಲಿ ಓದುವವರಿಗೆ ಜಾಮೀನಿಲ್ಲದ ಸಾಲವನ್ನೂ, ಎಂಟು ಲಕ್ಷದವರೆಗಿನ ಆದಾಯದವರಿಗೆ ಶೇ. 3ರ ಬಡ್ಡಿ ರಿಯಾಯಿತಿಯನ್ನೂ ಕೊಡುತ್ತದೆ. ನನ್ನ ವಿದ್ಯಾರ್ಥಿಯ ಮಗಳಿಗೆ ದೊರೆತ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ.

ಓದನ್ನು ಬಂಡವಾಳವೆಂದು ಕಾಣುವ ವಿಚಾರ ಹೊಸದಲ್ಲ. ಆಡಂ ಸ್ಮಿತ್ 1776ರಲ್ಲೇ ವಿದ್ಯೆ ಕಲಿತವನನ್ನು ದುಬಾರಿ ಯಂತ್ರಕ್ಕೆ ಹೋಲಿಸಿದ್ದ. 1960ರಲ್ಲಿ ಥಿಯೊಡೋರ್ ಶುಲ್ಟ್ಜ್, 1964ರಲ್ಲಿ ಗ್ಯಾರಿ ಬೆಕರ್ ಇದನ್ನು ಶಾಸ್ತ್ರವಾಗಿ ಬೆಳೆಸಿದರು. ಇಬ್ಬರಿಗೂ ನೊಬೆಲ್ ಬಂದಿತು. ಲೆಕ್ಕದಲ್ಲಿ ಶುಲ್ಕ ಮಾತ್ರವಲ್ಲ, ಓದುವ ವರ್ಷಗಳಲ್ಲಿ ಕೈಬಿಟ್ಟ ಸಂಪಾದನೆಯೂ ಸೇರಬೇಕೆಂಬುದು ಅವರು ತೋರಿಸಿದ ಸೂಕ್ಷ್ಮ. ರೈತನ ಮಗ ಕಾಲೇಜಿಗೆ ಹೋದಾಗ ಹೊಲದಲ್ಲಿ ಒಂದು ಆಳು ಕಡಿಮೆಯಾಗುತ್ತದೆಂಬ ಸಂಗತಿ ನಮ್ಮ ಹಿರಿಯರಿಗೆ ಪುಸ್ತಕವಿಲ್ಲದೆಯೇ ತಿಳಿದಿತ್ತು. ಆಸ್ಟ್ರೇಲಿಯಾ 1989ರಿಂದ ಇನ್ನೊಂದು ದಾರಿ ಹಿಡಿಯಿತು: ಓದಿದವರ ಆದಾಯ ಗೊತ್ತಾದ ಮಟ್ಟವನ್ನು ಮುಟ್ಟಿದ ಮೇಲೆ ಮಾತ್ರ ತೆರಿಗೆಯ ಜೊತೆಗೆ ವಸೂಲಿ. ಕೆಲಸ ಸಿಗದಿದ್ದರೆ ಕಂತೂ ಇಲ್ಲ. ನಮ್ಮ ಬ್ಯಾಂಕುಗಳ ಸಾಲದಲ್ಲಿ ಹಾಗಿಲ್ಲ. ಗಡುವು ಮುಗಿದರೆ ಕಂತು ಆರಂಭ, ಕೆಲಸ ಸಿಗಲಿ ಸಿಗದಿರಲಿ.

ಅಂದು ರಾತ್ರಿ ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ವರ್ಷಕ್ಕೆ ಎರಡು ಲಕ್ಷದಂತೆ ನಾಲ್ಕು ವರ್ಷ, ಶೇ. 10ರ ಬಡ್ಡಿ, ಓದು ಮುಗಿದು ಒಂದು ವರ್ಷದ ನಂತರ ಕಂತು ಎಂದಿಟ್ಟುಕೊಂಡರೆ, ಸರಳ ಬಡ್ಡಿಯೇ 2,80,000 ರೂಪಾಯಿ ಸೇರಿ ಸಾಲ 10,80,000 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,300. ಮೊದಲ ವರ್ಷದ ಎರಡು ಲಕ್ಷವನ್ನು ಕೈಯಿಂದಲೇ ಕಟ್ಟಿ ಆರು ಲಕ್ಷ ಮಾತ್ರ ಸಾಲ ಪಡೆದರೆ ಕಂತು ಸುಮಾರು 10,300ಕ್ಕೆ ಇಳಿಯುತ್ತದೆ; ಮಳಿಗೆಯ ಪತ್ರವನ್ನೂ ಒತ್ತೆಯಿಡಬೇಕಿಲ್ಲ. ಮರುದಿನ ತಂದೆ ಮಗಳಿಬ್ಬರನ್ನೂ ಕರೆಸಿ ಈ ಕಾಗದ ತೋರಿಸಿದೆ. "ತಾತ, ಆ ಕಾಲೇಜಿನಿಂದ ಹೊರಬಂದವರಿಗೆ ಎಷ್ಟು ಸಂಬಳ ಸಿಗುತ್ತಿದೆ ಅಂತ ನಾನೇ ವಿಚಾರಿಸಿಕೊಂಡು ಬರುತ್ತೇನೆ" ಎಂದಳು ಹುಡುಗಿ. 1988ರಲ್ಲಿ ನಾನಾಗಲಿ ಅವಳ ಅಜ್ಜನಾಗಲಿ ಕೇಳದಿದ್ದ ಪ್ರಶ್ನೆ ಅದು. ಅಂದು ಓದಬೇಕಾದ ಹುಡುಗನನ್ನೂ ನಾವು ಕೇಳಿರಲಿಲ್ಲ.

ನಾಲ್ಕು ದಿನ ಅಲೆದು, ಆರೇಳು ಮಂದಿ ಹಳೆಯ ವಿದ್ಯಾರ್ಥಿಗಳನ್ನು ಕಂಡು ಬಂದಳು. ಆರು ಲಕ್ಷದ ಸಾಲ ಮಾಡಿ ಈಗ ಓದುತ್ತಿದ್ದಾಳೆ. ಮುಂದೇನಾಗುತ್ತದೋ ಬಲ್ಲವರಾರು? ಹೊರಡುವ ಮುನ್ನ ಅವಳ ತಂದೆಗೆ, "ಅಂದು ನಾನು ತಪ್ಪು ಹೇಳಿದೆನೇನಪ್ಪಾ?" ಎಂದು ಕೇಳಿಯೇ ಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎರಡು ಎಕರೆ ಇದ್ದದ್ದಕ್ಕೇ ತಂಗಿ ಮದುವೆ ಆಯಿತು, ಅಂಗಡಿ ಆಯಿತು ಮೇಷ್ಟ್ರೇ. ಆದರೂ ಕಾಲೇಜಿನ ಬಸ್ಸು ಕಂಡಾಗ ಒಮ್ಮೊಮ್ಮೆ ಅನ್ನಿಸುತ್ತದೆ" ಎಂದ. ಆ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಹಿಡಿದು ಸಮಾಧಾನಪಟ್ಟುಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ನಮ್ಮಲ್ಲಿ ಯಾರೂ ಕೇವಲ ಸ್ವಂತ ಹಣದಿಂದ ಓದಿದವರಲ್ಲ. ಯಾರದೋ ಮನೆಯ ಅನ್ನ, ಯಾವುದೋ ಮಠದ ರಾಗಿಮುದ್ದೆ, ಸರಕಾರದ ಬೊಕ್ಕಸ, ತಾಯಿಯ ಒಡವೆ – ಎಲ್ಲೋ ಒಂದು ಋಣವಿದೆ. ಬ್ಯಾಂಕಿನ ಸಾಲಕ್ಕೆ ಕೊನೆಯ ಕಂತೆಂಬುದು ಇದೆ. ಈ ಋಣಕ್ಕೆ ಅದಿಲ್ಲ. ನಿಮ್ಮಲ್ಲಿ ಅನುಕೂಲವಾಗಿರುವವರು ನಿಮ್ಮ ಊರಿನ ಒಂದು ಮಗುವಿನ ಮೊದಲ ವರ್ಷದ ಶುಲ್ಕವನ್ನಾದರೂ ಕಟ್ಟಿರಿ. ಆ ಮಗುವಿನ ಕಂತು ಎಷ್ಟು ಇಳಿಯುತ್ತದೆಂಬ ಲೆಕ್ಕವನ್ನು ಮೇಲೆಯೇ ಕೊಟ್ಟಿದ್ದೇನೆ.

ಎಲ್ಲರಿಗೂ ಶುಭವಾಗಲಿ.