ಪಾಲಿಬೆಟ್ಟದಲ್ಲಿ ಹುಟ್ಟಿದ ಲೀಫ್ ರಾಬಿನ್ಸನ್

ಮೊದಲನೆಯ ಮಹಾಯುದ್ಧದಲ್ಲಿ ಲಂಡನ್ ನಗರವನ್ನು ಕಾದು ಹೆಸರಾದ ತರುಣ ವೈಮಾನಿಕನು ಕೊಡಗಿನಲ್ಲಿ ಹುಟ್ಟಿದವನೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಂತಿಲ್ಲ. ವಿಲಿಯಂ ಲೀಫ್ ರಾಬಿನ್ಸನ್ನನು 1895ನೆಯ ಇಸವಿ ಜುಲೈ 14ರಂದು ಪಾಲಿಬೆಟ್ಟದ ಕಾಫಿತೋಟವೊಂದರಲ್ಲಿ ಜನಿಸಿದನು. ತಂದೆ ಹೊರೇಸ್ ರಾಬಿನ್ಸನ್ ಅಲ್ಲಿಯ ತೋಟದ ದೊರೆ. ಬಾಲಕನು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1909ರಲ್ಲಿ ಅಣ್ಣ ಹೆರಾಲ್ಡನನ್ನು ಅನುಸರಿಸಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಯನ್ನು ಸೇರಿದನು. ಅಲ್ಲಿ ರಗ್ಬಿ ಆಟಗಾರನಾಗಿ, ವಿದ್ಯಾರ್ಥಿನಿಲಯದ ನಾಯಕನಾಗಿ ಬೆಳೆದನು. 1914ರಲ್ಲಿ ಸೈನಿಕ ಶಿಕ್ಷಣಕ್ಕೆ ಹೋದವನು ಮರುವರ್ಷವೇ ಫ್ರಾನ್ಸಿನ ಆಕಾಶದಲ್ಲಿ ವೀಕ್ಷಕನಾಗಿದ್ದು, ಗಾಯಗೊಂಡು ಮರಳಿ, ಬಳಿಕ ವಿಮಾನ ನಡೆಸುವುದನ್ನು ಕಲಿತನು. ಅಣ್ಣನು 1916ರಲ್ಲಿ ಮೆಸೊಪೊಟೇಮಿಯದಲ್ಲಿ ಮಡಿದನು.

ಅದೇ ವರ್ಷದ ಸೆಪ್ಟೆಂಬರ್ 3ರ ನಸುಕಿಗೆ ಮುಂಚೆ, ಸುಮಾರು 11,500 ಅಡಿ ಎತ್ತರದಲ್ಲಿ, ರಾಬಿನ್ಸನ್ನನು ಜರ್ಮನರ ವಾಯುನೌಕೆಯೊಂದನ್ನು ಸಮೀಪಿಸಿದನು. ಮೊದಲೆರಡು ಸಲ ಅದರ ಉದ್ದಕ್ಕೂ ಗುಂಡಿನ ಮಳೆಗರೆದರೂ ಫಲವಾಗಲಿಲ್ಲ. ಮೂರನೆಯ ಸಲ ಹಿಂಭಾಗದ ಒಂದೆಡೆಗೇ ಗುರಿಯಿಟ್ಟು ಹೊಡೆಯಲು, ನೌಕೆಯು ಹೊತ್ತಿಕೊಂಡು ಕಫ್ಲಿ ಗ್ರಾಮದಲ್ಲಿ ಬಿದ್ದಿತು. ಒಳಗಿದ್ದ 16 ಜನರೂ ಮಡಿದರು. ಎರಡೇ ದಿನಗಳಲ್ಲಿ ಅವನಿಗೆ ವಿಕ್ಟೋರಿಯ ಕ್ರಾಸ್ ಪದಕವು ಘೋಷಿತವಾಯಿತು. ಅಂದಿನ ಸರ್ಕಾರಿ ಪ್ರಕಟಣೆಯು ಈ ನೌಕೆಯನ್ನು ‘ಎಲ್ 21’ ಎಂಬ ಜೆಪೆಲಿನ್ ಎಂದು ಹೇಳಿತು, ಅದು ತಪ್ಪು. ಬಿದ್ದದ್ದು ಮರದ ಚೌಕಟ್ಟಿನ ‘ಎಸ್‌ಎಲ್ 11’. ನಿಜವಾದ ‘ಎಲ್ 21’ ನಾಶವಾದದ್ದು ಆ ವರ್ಷದ ನವೆಂಬರಿನಲ್ಲಿ. ಆ ಕಾಲದ ಬರಹಗಳನ್ನು ಆಧರಿಸುವವರು ಈ ಎಚ್ಚರವಿಡುವುದು ಯುಕ್ತ.

ಇದಕ್ಕಿಂತಲೂ ವಿಚಾರಾರ್ಹವಾದ ಸಂಗತಿ ಮತ್ತೊಂದುಂಟು. ಎಸ್‌ಎಲ್ 11ರ ನಾಯಕ ವಿಲ್ಹೆಲ್ಮ್ ಶ್ರಮ್ಮನು ಹುಟ್ಟಿದ್ದು ಲಂಡನ್ನಿನ ಚಾರ್ಲ್‌ಟನ್ನಿನಲ್ಲಿ. ಬಾಲ್ಯವನ್ನು ಕಳೆದದ್ದೂ ಇಂಗ್ಲೆಂಡಿನಲ್ಲಿಯೇ. ಹೀಗೆ ಆ ಊರಿನ ಮೇಲೆ ಬಾಂಬು ಹಾಕಬಂದವನು ಅಲ್ಲಿ ಹುಟ್ಟಿದವನು. ಅದನ್ನು ಕಾದವನು ಕಾವೇರಿಯ ಸೀಮೆಯಲ್ಲಿ ಹುಟ್ಟಿದವನು. ಹುಟ್ಟಿದ ನೆಲವೇ ದೇಶಭಕ್ತಿಯ ಮೂಲವೆಂಬ ಸುಲಭದ ಮಾತು ಇಲ್ಲಿ ನಿಲ್ಲುವುದಿಲ್ಲ.

ರಾಬಿನ್ಸನ್ನನ ಕೀರ್ತಿಯು ಒಂದು ರಾತ್ರಿಯದು, ಕಷ್ಟವು ದೀರ್ಘಕಾಲದ್ದು. 1917ರ ಏಪ್ರಿಲ್ 5ರಂದು ಫ್ರಾನ್ಸಿನಲ್ಲಿ ಅವನ ವಿಮಾನವು ಉರುಳಿ ಅವನು ಸೆರೆಯಾದನು. ಪದೇಪದೇ ತಪ್ಪಿಸಿಕೊಳ್ಳಲೆತ್ನಿಸಿದ್ದರಿಂದ ಹೋಲ್ಟ್ಸ್‌ಮಿಂಡನ್ ಮುಂತಾದ ಶಿಬಿರಗಳಲ್ಲಿ ಕಠಿಣಶಿಕ್ಷೆಗೆ ಗುರಿಯಾಗಿ ದೇಹವು ಕುಗ್ಗಿತು. ಕದನವಿರಾಮದ ತರುವಾಯ ಮರಳಿದವನು ಕೆಲವೇ ದಿನಗಳಲ್ಲಿ ಆಗ ಹಬ್ಬಿದ್ದ ಇನ್‌ಫ್ಲುಯೆಂಜಕ್ಕೆ ತುತ್ತಾಗಿ, 1918ರ ಡಿಸೆಂಬರ್ 31ರಂದು ತೀರಿಕೊಂಡನು. ಆಗ ಅವನಿಗೆ 23 ವರ್ಷ. ಅವನ ಸಮಾಧಿಯು ಹ್ಯಾರೋ ವೀಲ್ಡಿನಲ್ಲಿದೆ. ಶ್ರಮ್ಮನೂ ಅವನ ಸಂಗಡಿಗರೂ ಮೊದಲು ಪಾಟರ್ಸ್ ಬಾರಿನಲ್ಲಿ ಹೂಳಲ್ಪಟ್ಟು, 1962ರಲ್ಲಿ ಕ್ಯಾನಕ್ ಚೇಸಿನ ಜರ್ಮನ್ ಸ್ಮಶಾನಕ್ಕೆ ಸಾಗಿಸಲ್ಪಟ್ಟರು.