ಫಿಸಿಯೋಥೆರಪಿ ಪಾಠಪಟ್ಟಿ ಬೆಳೆದ ಬಗೆ

ಫಿಸಿಯೋಥೆರಪಿಯ ಕಲಿಕೆಗೆ ಶಾಲೆಯ ಚೌಕಟ್ಟು ಒದಗಿದ್ದು ಸ್ವೀಡನ್ನಿನಲ್ಲಿ. ಕತ್ತಿವರಸೆಯ ಗುರುವಾಗಿದ್ದ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಕೇಂದ್ರ ಸಂಸ್ಥೆಯನ್ನು ತೆರೆದ. ಮಕ್ಕಳ ಮತ್ತು ಸೈನಿಕರ ವ್ಯಾಯಾಮದ ಜೊತೆಗೆ ರೋಗಿಗಳಿಗಾಗಿಯೇ ರೂಪಿಸಿದ ವ್ಯಾಯಾಮವನ್ನೂ ಅಲ್ಲಿ ಕಲಿಸಲಾಗುತ್ತಿತ್ತು. 1887ರ ಹೊತ್ತಿಗೆ ಸ್ವೀಡನ್ ಸರ್ಕಾರ ಅಲ್ಲಿ ಕಲಿತು ಬಂದವರನ್ನು ಅಧಿಕೃತವಾಗಿ ನೋಂದಾಯಿಸಿಕೊಳ್ಳತೊಡಗಿತು.

ಇಂಗ್ಲೆಂಡಿನಲ್ಲಿ ಈ ವಿದ್ಯೆ ಮಾನ ಉಳಿಸಿಕೊಳ್ಳಲು ಹೋರಾಡಬೇಕಾಯಿತು. 1894ರಲ್ಲಿ ಲಂಡನ್ನಿನ ಕೆಲವು ಅಂಗಮರ್ದನ ಕೇಂದ್ರಗಳು ವೇಶ್ಯಾವಾಟಿಕೆಯ ಮರೆಯಾಗಿವೆ ಎಂಬ ಸುದ್ದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ, ಪ್ರಾಮಾಣಿಕವಾಗಿ ದುಡಿಯುತ್ತಿದ್ದವರಿಗೂ ಕೆಟ್ಟ ಹೆಸರು ಅಂಟಿತು. ಅದೇ ವರ್ಷ ರೋಸಲಿಂಡ್ ಪ್ಯಾಜೆಟ್ ಸೇರಿದಂತೆ ನಾಲ್ವರು ನರ್ಸ್‌ಗಳು ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘವನ್ನು ಕಟ್ಟಿದರು. ವೈದ್ಯರ ಸೂಚನೆಯಿಲ್ಲದೆ ರೋಗಿಯ ಮೈಮುಟ್ಟಬಾರದೆಂಬ ನಿಯಮ ಬಂತು. ಸಂಘವೇ ಪರೀಕ್ಷೆ ನಡೆಸಿ ಅರ್ಹತಾಪತ್ರ ಕೊಡತೊಡಗಿತು. ಅಂಗರಚನಾಶಾಸ್ತ್ರ ತಿಳಿಯದವರಿಗೆ ಅರ್ಹತೆಯಿಲ್ಲ ಎಂಬ ಕಟ್ಟುನಿಟ್ಟು ಬೇರೂರಿದ್ದು ಇಂಥ ಪರೀಕ್ಷೆಗಳಿಂದ. ಸಂಶಯದ ನಡುವೆ ನಿಂತು ಇಷ್ಟು ಗಟ್ಟಿಯಾದ ಶಿಸ್ತನ್ನು ರೂಪಿಸಿದ ಈ ಹೆಂಗಸರಿಗೆ ವೃತ್ತಿ ಇಂದಿಗೂ ಋಣಿಯಾಗಿರಬೇಕು. 1920ರಲ್ಲಿ ಸಂಘಕ್ಕೆ ರಾಜಸನ್ನದು ದೊರೆಯಿತು.

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಯೋಧರಿಗಾಗಿ ಅಮೆರಿಕ 1918ರಲ್ಲಿ ತರಾತುರಿಯ ತರಬೇತಿ ಶುರುಮಾಡಿತು. ಒರೆಗಾನ್ ರಾಜ್ಯದ ರೀಡ್ ಕಾಲೇಜಿನಲ್ಲಿ ಮೇರಿ ಮ್ಯಾಕ್‌ಮಿಲನ್ ಪಾಠ ಹೇಳಿದರು. ಮೂರು ವರ್ಷಗಳ ನಂತರ ಆ ದೇಶದ ಫಿಸಿಯೋಥೆರಪಿಸ್ಟ್‌ಗಳ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದವರೂ ಅವರೇ.

ಪಾಠಪಟ್ಟಿಯನ್ನು ಯುದ್ಧಕ್ಕಿಂತ ಆಳವಾಗಿ ಬದಲಿಸಿದ್ದು ಪೋಲಿಯೊ. ಈ ರೋಗದಲ್ಲಿ ಒಂದೇ ಕಾಲಿನ ಒಂದು ಸ್ನಾಯು ಪೂರ್ತಿ ಸತ್ತಿದ್ದರೆ ಪಕ್ಕದ್ದು ಅರೆಜೀವವಾಗಿರಬಹುದು, ಮತ್ತೊಂದಕ್ಕೆ ಏನೂ ಆಗಿರದೆ ಇರಬಹುದು. ಇಡೀ ಕಾಲನ್ನು ಒಟ್ಟಾಗಿ ನೋಡಿದರೆ ಇದು ತಿಳಿಯುವುದಿಲ್ಲ. ಬಾಸ್ಟನ್ನಿನ ವೈದ್ಯ ರಾಬರ್ಟ್ ಲೊವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮೀನ್ ರೈಟ್ ಒಂದೊಂದು ಸ್ನಾಯುವನ್ನೂ ಬೇರೆಯಾಗಿ, ಕೈಯಿಂದಲೇ ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. ಇಂದು ವಿದ್ಯಾರ್ಥಿಗಳು ಕಲಿಯುವ ಸೊನ್ನೆಯಿಂದ ಐದರವರೆಗಿನ ಶ್ರೇಣಿ ಆ ಆಲೋಚನೆಯ ಮುಂದುವರಿಕೆ. ಬೆರಳಿಗೆ ಮಿಡಿತವಷ್ಟೇ ಸಿಕ್ಕರೆ 1. ಭೂಮಿಯ ಸೆಳೆತದ ಹಂಗಿಲ್ಲದಂತೆ ಅಂಗವನ್ನು ಅಡ್ಡಲಾಗಿ ಇಟ್ಟಾಗ ಮಾತ್ರ ಅದು ಚಲಿಸಿದರೆ 2. ಆ ಸೆಳೆತವನ್ನು ಮೀರಿ ಎತ್ತಿದರೆ 3. ಅದಕ್ಕಿಂತ ಮೇಲಿನದನ್ನು ಚಿಕಿತ್ಸಕರು ತಮ್ಮ ಕೈಯಿಂದ ಎದುರೊತ್ತಿ ಅಳೆಯಬೇಕು. ಎಷ್ಟು ಒತ್ತಬೇಕೆಂಬುದು ಪುಸ್ತಕದಿಂದ ಬರುವುದಿಲ್ಲ, ಹತ್ತಾರು ಮೈಗಳನ್ನು ಮುಟ್ಟಿ ತಿಳಿಯಬೇಕು. ಹಾಗಾಗಿಯೇ ಇಲ್ಲಿ ಪ್ರಾಯೋಗಿಕ ತರಗತಿಗೆ ಅಷ್ಟು ಮಹತ್ವ; ವಿದ್ಯಾರ್ಥಿಗಳು ಮೊದಲು ಪರೀಕ್ಷಿಸುವುದು ಸಹಪಾಠಿಗಳ ತೋಳು, ತೊಡೆಗಳನ್ನು.

ಭಾರತದಲ್ಲೂ ವ್ಯವಸ್ಥಿತ ಶಿಕ್ಷಣಕ್ಕೆ ಪೋಲಿಯೊವೇ ಕಾರಣ. ಮುಂಬಯಿಯಲ್ಲಿ ರೋಗ ಹರಡಿದ ಬಳಿಕ 1950ರ ದಶಕದ ಆರಂಭದಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಫಿಸಿಯೋಥೆರಪಿ ಶಾಲೆ ಶುರುವಾಯಿತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟ್‌ಗಳ ಸಂಘ ಸ್ಥಾಪನೆಯಾಯಿತು. ಅತ್ತ ವೆಲ್ಲೂರಿನಲ್ಲಿ ಕುಷ್ಠರೋಗ ಬೇರೆಯೇ ಪಾಠ ಕಲಿಸುತ್ತಿತ್ತು. ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅಲ್ಲಿ ಸೆಟೆದ ಬೆರಳುಗಳನ್ನು ನೇರವಾಗಿಸಲು, ಚೆನ್ನಾಗಿರುವ ಸ್ನಾಯುವೊಂದರ ರಜ್ಜುವನ್ನು ಬೇರೆ ಕಡೆ ಜೋಡಿಸುತ್ತಿದ್ದರು. ಜೋಡಣೆಯಷ್ಟರಿಂದಲೇ ಕೈ ಆಡುವುದಿಲ್ಲ. ಸ್ನಾಯುವಿಗೆ ಹೊಸ ಕೆಲಸವನ್ನು ವಾರಗಟ್ಟಲೆ ರೂಢಿ ಮಾಡಿಸಬೇಕು. ಆ ತಾಳ್ಮೆಯ ಕೆಲಸ ಫಿಸಿಯೋಥೆರಪಿಯದು.

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ನಂತರ ಕರ್ನಾಟಕದ ಹಲವು ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಅಲ್ಲಿ ಫಿಸಿಯೋಥೆರಪಿಯ ಸ್ನಾತಕ ಪದವಿಯಾದ ಬಿಪಿಟಿ ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್ ಎಂಬಂತೆ ರೂಪುಗೊಂಡಿತು. ಅಂಗರಚನೆ ಮತ್ತು ಶರೀರಕ್ರಿಯೆಗಳಿಂದ ಆರಂಭವಾಗುವ ಕಲಿಕೆ ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆಗಳನ್ನು ದಾಟಿ ಮೂಳೆ, ನರ, ಹೃದಯ, ಶ್ವಾಸಕೋಶಗಳ ರೋಗಗಳವರೆಗೆ ಸಾಗುತ್ತದೆ. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾದರೂ ಸ್ನಾಯು ಪರೀಕ್ಷೆ ಪಠ್ಯದಲ್ಲಿ ಉಳಿದಿದೆ; ಈಗ ಅದು ಬೆನ್ನುಹುರಿಗೆ ಪೆಟ್ಟಾದವರಿಗೆ, ನರ ಒತ್ತಿಹೋದವರಿಗೆ ಬೇಕು. ವಿಶ್ವವಿದ್ಯಾಲಯಕ್ಕೊಂದು ಪಠ್ಯಕ್ರಮವಿದ್ದ ಸ್ಥಿತಿಯನ್ನು ಸರಿಪಡಿಸಿ ದೇಶಕ್ಕೆಲ್ಲ ಒಂದೇ ಮಟ್ಟ ಗೊತ್ತುಮಾಡುವ ಅಧಿಕಾರವನ್ನು 2021ರ ಕಾಯ್ದೆ ರಾಷ್ಟ್ರೀಯ ಆಯೋಗವೊಂದಕ್ಕೆ ಕೊಟ್ಟಿದೆ.