ಸ್ಟುಡಿಯೋ ಇಲ್ಲದ ಆಪ್: ಕಪ್ಪು ಪರದೆಯ ಒಂದು ಸಣ್ಣ ಚರಿತ್ರೆ

ಆಂಡ್ರಾಯ್ಡ್ ಆಪ್ ಬರೆಯೋದು ಹೇಗೆ ಅಂತ ಯಾರನ್ನಾದರೂ ಕೇಳಿ ನೋಡಿ. "ಆಂಡ್ರಾಯ್ಡ್ ಸ್ಟುಡಿಯೋ ಇಳಿಸ್ಕೊಳ್ಳಿ" ಅಂತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ, "ನಿಮ್ಮ ಲ್ಯಾಪ್‌ಟಾಪಲ್ಲಿ ಮೆಮೊರಿ ಎಷ್ಟಿದೆ?" :-)

2014ರ ಡಿಸೆಂಬರಲ್ಲಿ ಸ್ಟುಡಿಯೋದ 1.0 ಆವೃತ್ತಿ ಬಂದಾಗ ಕನಿಷ್ಠ 2 ಜಿಬಿ ಇದ್ದರೆ ಸಾಕು, 4 ಜಿಬಿ ಇದ್ದರೆ ಒಳ್ಳೇದು ಅಂತಿದ್ದರು. ಈಗ ಸ್ಟುಡಿಯೋ ಒಂದಕ್ಕೇ 8 ಜಿಬಿ ಕೇಳ್ತಾರೆ, ಎಮ್ಯುಲೇಟರ್ ಜತೆಗಾದರೆ 16. ಹಾಗಾದರೆ ಅಣ್ಣನಿಂದ ಬಳುವಳಿಯಾಗಿ ಬಂದ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡಿರೋ ವಿದ್ಯಾರ್ಥಿಗೆ ಆಪ್ ಬರೆಯೋ ಯೋಗವೇ ಇಲ್ವಾ?

ಇದೆ. ಸ್ಟುಡಿಯೋ ಇಲ್ಲದೆಯೂ ಆಪ್ ಕಟ್ಟೋದು ಮೊದಲಿಂದಲೂ ಇದ್ದ ದಾರಿ. ಇವತ್ತು ಅದರ ಕತೆ ಹೇಳೋಣ ಅಂತ.

ಮೊದಲು ಒಂದು ಮಾತು. ಐಡಿಇ ಅಂದರೆ ಮದುವೆ ಕಾಂಟ್ರಾಕ್ಟರ್ ಇದ್ದ ಹಾಗೆ. ಚಪ್ಪರ, ಹೂವು, ವಾಲಗ, ಊಟ ಎಲ್ಲಾ ಒಬ್ಬನ ಕೈಲೇ. ಬಲು ಅನುಕೂಲ. ಆದರೆ ಸಾರು ಕುದಿಸೋನು ಕಾಂಟ್ರಾಕ್ಟರ್ ಅಲ್ಲ, ಒಳಗಿರೋ ಅಡುಗೆ ಭಟ್ಟರು! ಮೊಬೈಲ್ ಆಪ್‌ನಲ್ಲೂ ಹೀಗೇ. ನಾವು ಹಸಿರು ಗುಂಡಿ ಒತ್ತಿದಾಗ ಹಿಂದೆ ನಾಲ್ಕೈದು ಪುಟ್ಟ ಪ್ರೋಗ್ರಾಮ್‌ಗಳು ಒಂದಾದ ಮೇಲೊಂದು ಓಡ್ತವೆ. ಈ ಭಟ್ಟರ ಪರಿಚಯ ಇದ್ದರೆ ಕಾಂಟ್ರಾಕ್ಟರ್ ಬದಲಾದರೂ ಊಟ ನಿಲ್ಲಲ್ಲ.

ಆಂಡ್ರಾಯ್ಡ್‌ಗಿಂತ ಮುಂಚೆ ಜೆ2ಎಂಇ ಕಾಲ ಇತ್ತಲ್ಲ, ಗುಂಡಿ ಒತ್ತುವ ಫೋನುಗಳಲ್ಲಿ ಜಾವಾ ಗೇಮ್ ಆಡ್ತಿದ್ದ ಕಾಲ, ಅಲ್ಲಿಂದಲೇ ಶುರು ಮಾಡೋಣ. ಸನ್ ಕಂಪನಿ ವೈರ್‌ಲೆಸ್ ಟೂಲ್‌ಕಿಟ್ ಅಂತ ಕೊಡ್ತಿತ್ತು. ಅದರಲ್ಲಿ ಕೆಟೂಲ್‌ಬಾರ್ ಅನ್ನೋ ಒಂದು ಚಿಕ್ಕ ಕಿಟಕಿ. ತಮಾಷೆ ಏನು ಗೊತ್ತಾ, ಅದರಲ್ಲಿ ಎಡಿಟರೇ ಇರಲಿಲ್ಲ! ಕೋಡನ್ನು ನೋಟ್‌ಪ್ಯಾಡಲ್ಲೋ ಇನ್ನೆಲ್ಲೋ ಬರೆದು, ಇಲ್ಲಿ ಬಂದು ಬಿಲ್ಡ್ ಒತ್ತಬೇಕು. ಒಳಗೆ ಮೊದಲು ಕಂಪೈಲ್. ಆಮೇಲೆ ಪ್ರಿವೆರಿಫೈ ಅನ್ನೋ ಹಂತ, ಯಾಕಂದರೆ ಕೋಡ್ ಸರಿಯಿದೆಯಾ ಅಂತ ಪೂರ್ತಿ ಪರೀಕ್ಷೆ ಮಾಡೋ ತ್ರಾಣ ಆಗಿನ ಫೋನುಗಳಿಗೆ ಇರಲಿಲ್ಲ, ಹಾಗಾಗಿ ಅರ್ಧ ಕೆಲಸ ಕಂಪ್ಯೂಟರಲ್ಲೇ ಮುಗಿಸಿ ಕಳಿಸ್ತಿದ್ದರು. ಕೊನೆಗೆ ಒಂದು ಜಾರ್ ಫೈಲು, ಅದರ ಜಾತಕದಂಥ ಒಂದು ಜಾಡ್ ಫೈಲು. ಜಾಡ್‌ನಲ್ಲಿ ಜಾರ್‌ನ ಗಾತ್ರ ಬರೆದಿರಬೇಕು. ಲೆಕ್ಕ ತಾಳೆ ಆಗದಿದ್ದರೆ ಫೋನು ಒಳಗೇ ಬಿಟ್ಟುಕೊಳ್ತಿರಲಿಲ್ಲ.

2007ರ ನವೆಂಬರ್ 5ಕ್ಕೆ ಆಂಡ್ರಾಯ್ಡ್ ಘೋಷಣೆ ಆಯ್ತು. ಒಂದೇ ವಾರಕ್ಕೆ, ನವೆಂಬರ್ 12ಕ್ಕೆ, ಮೊದಲ ಎಸ್‌ಡಿಕೆ ಹೊರಬಂತು. (ನಾನಾಗ ಹೈಸ್ಕೂಲನ್ನೂ ಮುಟ್ಟಿರಲಿಲ್ಲ, ಇದೆಲ್ಲ ಆಮೇಲೆ ಹಳೇ ದಾಖಲೆ ಕೆದಕಿ ತಿಳಿದದ್ದು.) ಅದರಲ್ಲಿ ಎಕ್ಲಿಪ್ಸ್‌ಗೆ ಎಡಿಟಿ ಅನ್ನೋ ಪ್ಲಗಿನ್ ಇತ್ತು. ಅದರ ಜತೆಗೇ ಆಕ್ಟಿವಿಟಿಕ್ರಿಯೇಟರ್ ಅನ್ನೋ ಪೈಥಾನ್ ಸ್ಕ್ರಿಪ್ಟ್ ಕೂಡ ಇತ್ತು. ಅದನ್ನು ಓಡಿಸಿದರೆ ಪ್ರಾಜೆಕ್ಟಿನ ಫೋಲ್ಡರು, ಆಂಟ್‌ಗೆ ಬೇಕಾದ ಬಿಲ್ಡ್ ಫೈಲು ಎಲ್ಲಾ ತಯಾರು. ಅಂದರೆ ಐಡಿಇ ಬೇಡ ಅನ್ನೋರಿಗೂ ಮೊದಲ ದಿನದಿಂದಲೇ ಎಲೆ ಹಾಕಿದ್ದರು. 2009ರಲ್ಲಿ, 1.5 ಆವೃತ್ತಿಗೆ, ಈ ಕೆಲಸ 'ಆಂಡ್ರಾಯ್ಡ್' ಅನ್ನೋ ಕಮಾಂಡಿಗೆ ಹೋಯ್ತು.

ಆಗ ಆ ಭಟ್ಟರು ಯಾರ್ಯಾರು ಅಂತ ನೋಡೋಣ. ಎಎಪಿಟಿ ಅನ್ನೋದು ಚಿತ್ರ, ಲೇಔಟು, ಪದಗಳ ಪಟ್ಟಿ ಎಲ್ಲವನ್ನೂ ಮೂಟೆ ಕಟ್ಟಿ, ಪ್ರತಿಯೊಂದಕ್ಕೂ ಒಂದು ನಂಬರು ಕೊಡುತ್ತೆ. ಆಮೇಲೆ ಮಾಮೂಲಿ ಜಾವಾ ಕಂಪೈಲರ್. ಅದಕ್ಕೆ ಆಸರೆಯಾಗಿ ಕೊಡೋ ಆಂಡ್ರಾಯ್ಡ್ ಜಾರ್ ಫೈಲು ಬರೀ ಬೊಂಬೆ, ಹೆಸರುಗಳಷ್ಟೇ ಇರ್ತವೆ, ಅಸಲಿ ಕೋಡು ಇರೋದು ಫೋನಿನೊಳಗೆ. ನಂತರ ಡಿಎಕ್ಸ್, ಜಾವಾ ಬೈಟ್‌ಕೋಡನ್ನು ಡಾಲ್ವಿಕ್‌ಗೆ ಅರ್ಥವಾಗೋ ಡೆಕ್ಸ್ ರೂಪಕ್ಕೆ ತಿರುಗಿಸೋದು. (ಅಂದ ಹಾಗೆ ಡಾಲ್ವಿಕ್ ಅನ್ನೋದು ಐಸ್‌ಲ್ಯಾಂಡಿನ ಒಂದು ಮೀನುಗಾರರ ಊರು. ಅದನ್ನು ಬರೆದ ಡ್ಯಾನ್ ಬೋರ್ನ್‌ಸ್ಟೀನ್ ಊರಿನ ಹೆಸರನ್ನೇ ಇಟ್ಟುಬಿಟ್ಟರು.) ಎಲ್ಲವನ್ನೂ ಜಿಪ್ ಮಾಡಿದರೆ ಅದೇ ಎಪಿಕೆ. ಅದಕ್ಕೆ ಸಹಿ ಹಾಕಿ, ಎಡಿಬಿ ಮೂಲಕ ಫೋನಿಗೆ ದಾಟಿಸಿದರೆ ಮುಗೀತು.

ಸಹಿಯ ವಿಷಯದಲ್ಲಿ ಒಂಚೂರು ನಿಲ್ಲೋಣ. ಸಹಿ ಇಲ್ಲದ ಆಪನ್ನು ಆಂಡ್ರಾಯ್ಡ್ ಇನ್‌ಸ್ಟಾಲೇ ಮಾಡಲ್ಲ. ಎಕ್ಲಿಪ್ಸ್ ಏನು ಮಾಡ್ತಿತ್ತು ಅಂದರೆ, ತಾನೇ ಒಂದು ಡೀಬಗ್ ಕೀಲಿ ಹುಟ್ಟಿಸಿ ಗುಟ್ಟಾಗಿ ಸಹಿ ಹಾಕ್ತಿತ್ತು. ಹಾಗಾಗಿ ಸಹಿ ಅನ್ನೋದೊಂದಿದೆ ಅಂತ ಗೊತ್ತಾಗ್ತಿದ್ದದ್ದೇ ಮಾರ್ಕೆಟ್ಟಿಗೆ ಆಪ್ ಏರಿಸೋ ದಿನ. ಆಗ ಬಳಸಿದ ಕೀಲಿಯನ್ನು ಕಳಕೊಂಡರೆ ಮುಂದೆ ಅದೇ ಆಪ್‌ಗೆ ಅಪ್‌ಡೇಟ್ ಕೊಡೋ ಹಾಗೇ ಇರಲಿಲ್ಲ, ಹೊಸ ಹೆಸರಲ್ಲಿ ಮೊದಲಿಂದ ಶುರು ಮಾಡಬೇಕಿತ್ತು. ಕೈಯಾರೆ ಸಹಿ ಹಾಕ್ತಿದ್ದೋರಿಗೆ ಈ ಕೀಲಿಯ ಬೆಲೆ ಮೊದಲ ದಿನವೇ ಗೊತ್ತಿರ್ತಿತ್ತು. ಕಪ್ಪು ಪರದೆ ಕಲಿಸೋ ಪಾಠ ಅಂದರೆ ಇಂಥದ್ದು.

2013ರ ಮೇ ತಿಂಗಳಲ್ಲಿ ಗೂಗಲ್ ಆಂಡ್ರಾಯ್ಡ್ ಸ್ಟುಡಿಯೋ ತೋರಿಸಿತು, ಇಂಟೆಲಿಜೆ ಮೇಲೆ ಕಟ್ಟಿದ್ದು. 2015ರಲ್ಲಿ, ಆ ವರ್ಷದ ಕೊನೆಗೆ ಎಕ್ಲಿಪ್ಸ್ ಪ್ಲಗಿನ್‌ಗೆ ಬೆಂಬಲ ನಿಲ್ಲುತ್ತೆ ಅಂತ ಹೇಳಿತು. ಆಂಟ್ ಹೋಗಿ ಗ್ರೇಡಲ್ ಬಂತು. ಹಳೇ ಪುಸ್ತಕ, ಹಳೇ ಪಾಠಗಳ ಚಿತ್ರಗಳೆಲ್ಲ ರಾತ್ರೋರಾತ್ರಿ ಹಳತಾದವು.

ಐಡಿಇ ಬೇಡ ಅನ್ನೋರಿಗೆ ಇದು ಕೆಟ್ಟ ಸುದ್ದಿ ಅಂತ ಅನ್ನಿಸಬಹುದು. ನಂಗೆ ಹಾಗನ್ನಿಸಲ್ಲ. ಯಾಕಂದರೆ ಎಕ್ಲಿಪ್ಸ್ ಕಾಲದಲ್ಲಿ ಪ್ಲಗಿನ್ ತನ್ನದೇ ದಾರಿಯಲ್ಲಿ ಬಿಲ್ಡ್ ಮಾಡ್ತಿತ್ತು, ಕಮಾಂಡ್ ಲೈನಲ್ಲಿ ಆಂಟ್ ಬೇರೆ ದಾರಿ ಹಿಡೀತಿತ್ತು. ಒಂದೇ ಆಪ್‌ಗೆ ಎರಡು ಅಡುಗೆಮನೆ! ಗ್ರೇಡಲ್ ಬಂದ ಮೇಲೆ ಸ್ಟುಡಿಯೋ ಕೂಡ ಗ್ರೇಡಲನ್ನೇ ಕರೆಯುತ್ತೆ. ಸ್ಟುಡಿಯೋದಲ್ಲಿ ಗುಂಡಿ ಒತ್ತಿದರೂ, ಟರ್ಮಿನಲಲ್ಲಿ ಒಂದು ಸಾಲು ಬರೆದರೂ ಅಡುಗೆ ಒಂದೇ. ದೊಡ್ಡ ಐಡಿಇ ಬಂದದ್ದರಿಂದಲೇ ಐಡಿಇ ಇಲ್ಲದೋರ ದಾರಿ ಗಟ್ಟಿಯಾಯ್ತು ಅನ್ನೋದು ಈ ಚರಿತ್ರೆಯ ವಿಚಿತ್ರ.

ನಷ್ಟವೂ ಆಯ್ತು ಅನ್ನಿ. 2017ರ ಮಾರ್ಚಲ್ಲಿ ಆ ಹಳೇ 'ಆಂಡ್ರಾಯ್ಡ್' ಕಮಾಂಡಿನ ಪ್ರಾಜೆಕ್ಟ್ ಹುಟ್ಟಿಸೋ ಶಕ್ತಿ ತೆಗೆದುಬಿಟ್ಟರು. ಬದಲಿಗೆ ಎಸ್‌ಡಿಕೆಮ್ಯಾನೇಜರ್, ಎವಿಡಿಮ್ಯಾನೇಜರ್ ಬಂದವು. ಅವು ಸಾಮಾನು ತರ್ತವೆ ಅಷ್ಟೇ, ಪ್ರಾಜೆಕ್ಟ್ ಹುಟ್ಟಿಸಲ್ಲ. ಮೊದಲ ಫೋಲ್ಡರನ್ನು ಕೈಯಾರೆ ಕಟ್ಟಬೇಕು ಅಥವಾ ಬೇರೆ ಪ್ರಾಜೆಕ್ಟಿಂದ ನಕಲು ಮಾಡ್ಕೋಬೇಕು.

ಈ ದಾರಿಯಲ್ಲಿ ನಡೆಯೋರು ಬಡಪಾಯಿಗಳಷ್ಟೇ ಅಂದ್ಕೋಬೇಡಿ. 2010ರಲ್ಲಿ ಶುರುವಾದ ಎಫ್‌-ಡ್ರಾಯ್ಡ್ ತನ್ನ ಭಂಡಾರದ ಮುಕ್ತ ತಂತ್ರಾಂಶಗಳನ್ನು ಮೂಲ ಕೋಡಿನಿಂದ ತಾನೇ ಬಿಲ್ಡ್ ಮಾಡುತ್ತೆ. ಅಲ್ಲಿ ಗುಂಡಿ ಒತ್ತೋಕೆ ಯಾರೂ ಕೂತಿರಲ್ಲ. ಇನ್ನು ಟರ್ಮಕ್ಸ್ ಹಾಕ್ಕೊಂಡರೆ ಫೋನಿನೊಳಗೇ ಕಂಪೈಲ್ ಮಾಡಿ, ಸಹಿ ಹಾಕಿ, ಅದೇ ಫೋನಿಗೆ ಪುಟ್ಟ ಆಪ್ ಹಾಕ್ಕೋಬಹುದು. ಕಂಪ್ಯೂಟರೇ ಬೇಡ!

ಹೋದ ವರ್ಷ ಡಿಪ್ಲೊಮಾ ಓದ್ತಿರೋ ನೆಂಟರ ಹುಡುಗಿಯೊಬ್ಬಳು ತನ್ನ 4 ಜಿಬಿ ಲ್ಯಾಪ್‌ಟಾಪ್ ತಂದು "ಅಣ್ಣಾ, ಇದರಲ್ಲಿ ಆಗಲ್ವಾ?" ಅಂದಳು. ಆಯ್ತು. ಹೀಗೆ: ಜೆಡಿಕೆ 17 ಹಾಕಿದ್ವಿ. ಆಂಡ್ರಾಯ್ಡ್ ಡೆವಲಪರ್ ತಾಣದಲ್ಲಿ ಸ್ಟುಡಿಯೋ ಪುಟದ ಕೆಳಗೆ ಕಮಾಂಡ್ ಲೈನ್ ಟೂಲ್ಸ್ ಬೇರೆಯಾಗಿ ಸಿಗ್ತವೆ, ಅದನ್ನು ಇಳಿಸಿದ್ವಿ. ಬಿಚ್ಚಿದ್ದನ್ನು ಸಿಎಂಡಿಲೈನ್-ಟೂಲ್ಸ್ ಫೋಲ್ಡರಿನೊಳಗೆ 'ಲೇಟೆಸ್ಟ್' ಅನ್ನೋ ಫೋಲ್ಡರಲ್ಲಿ ಇಡಬೇಕು, ಇಲ್ಲದಿದ್ದರೆ ಎಸ್‌ಡಿಕೆಮ್ಯಾನೇಜರ್ ಮುನಿಸ್ಕೊಳ್ಳುತ್ತೆ. ಆಮೇಲೆ ಅದರ ಮೂಲಕ ಪ್ಲಾಟ್‌ಫಾರ್ಮ್-ಟೂಲ್ಸ್, ಬಿಲ್ಡ್-ಟೂಲ್ಸ್, ಒಂದು ಪ್ಲಾಟ್‌ಫಾರ್ಮ್ ತರಿಸಿ ಲೈಸೆನ್ಸ್‌ಗಳಿಗೆ ಒಪ್ಪಿಗೆ ಕೊಟ್ವಿ. ಎಮ್ಯುಲೇಟರ್ ಗೋಜಿಗೇ ಹೋಗಲಿಲ್ಲ. ಅವಳ ಫೋನಲ್ಲಿ ಬಿಲ್ಡ್ ನಂಬರನ್ನು 7 ಸಲ ತಟ್ಟಿ, ಡೆವಲಪರ್ ಆಪ್ಷನ್ಸ್ ತೆರೆದು, ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿದ್ವಿ. ಗ್ರೇಡಲ್ ಕೂಡ ಹೊಟ್ಟೆಬಾಕನೇ, ಮೊದಲ ಬಿಲ್ಡ್‌ಗೆ ಕಾಫಿ ಕುಡಿದು ಬರೋವಷ್ಟು ಹೊತ್ತು ಬೇಕು, ಬ್ರೌಸರ್ ಮುಚ್ಚಿರಬೇಕು. ಆದರೂ ಆಪ್ ಓಡ್ತು.

ಅವಳ ಆಪ್ ಕನ್ನಡದಲ್ಲೇ ಮಾತಾಡ್ತು ಅನ್ನೋದು ಇನ್ನೊಂದು ಖುಷಿ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಅಧಿಕೃತ ಬೆಂಬಲ ಬಂದದ್ದು 2012ರಲ್ಲಿ, 4.1 ಆವೃತ್ತಿಗೆ. ಆಪನ್ನು ಕನ್ನಡಕ್ಕೆ ತರೋಕೆ 'ವ್ಯಾಲ್ಯೂಸ್' ಪಕ್ಕ ಅಡ್ಡಗೆರೆ ಎಳೆದು 'ಕೆಎನ್' ಅಂತ ಹೆಸರಿಟ್ಟ ಫೋಲ್ಡರಲ್ಲಿ ಪದಗಳ ಪಟ್ಟಿ ಬರೆದರೆ ಸಾಕು. ಯಾವುದೋ ಮುಕ್ತ ಆಪ್‌ನಲ್ಲಿ ಕನ್ನಡ ತಪ್ಪಿದ್ದರೆ ಅದನ್ನು ತಿದ್ದೋಕೆ ಸಾಮಾನ್ಯ ಎಡಿಟರ್ ಸಾಕು, ಸ್ಟುಡಿಯೋ ಬೇಕಿಲ್ಲ.

ಸ್ಟುಡಿಯೋ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಲೇಔಟನ್ನು ಕಣ್ಣೆದುರೇ ನೋಡೋದು, ಡೀಬಗ್ ಮಾಡೋದು, ಹೆಸರು ಬದಲಿಸಿದರೆ ಎಲ್ಲಾ ಕಡೆ ತಾನೇ ಬದಲಾಗೋದು ಇವೆಲ್ಲ ದೊಡ್ಡ ಸವಲತ್ತುಗಳೇ. ಆಫೀಸಲ್ಲಿ ನಾನೂ ಅದನ್ನೇ ಬಳಸ್ತೀನಿ. ಆದರೆ ಲೆಕ್ಕ ಹಾಕಿ ನೋಡಿ. ಆಂಟ್ ಹೋಗಿ ಗ್ರೇಡಲ್ ಬಂತು. ಜಾರ್‌ಸೈನರ್ ಜಾಗಕ್ಕೆ 2016ರಲ್ಲಿ ಎಪಿಕೆಸೈನರ್, ಡಿಎಕ್ಸ್ ಜಾಗಕ್ಕೆ 2018ರಲ್ಲಿ ಡಿ8 ಬಂದವು. ಹೆಸರುಗಳು ಬದಲಾದವು, ಆದರೆ ಮೂಟೆ ಕಟ್ಟು, ಕಂಪೈಲ್ ಮಾಡು, ತಿರುಗಿಸು, ಸಹಿ ಹಾಕು, ಕಳಿಸು ಅನ್ನೋ ಸಾಲು ಹಾಗೇ ಇದೆ. ಈ ಸಾಲು ಗೊತ್ತಿರೋರಿಗೆ ಮುಂದಿನ ಐಡಿಇ ಯಾವುದು ಬಂದರೂ ಭಯ ಇಲ್ಲ. ಗೊತ್ತಿಲ್ಲದಿದ್ದರೆ, ಆಪ್ ಯಾರು ಬರೀಬೇಕು ಅನ್ನೋದನ್ನು ಲ್ಯಾಪ್‌ಟಾಪಿನ ಬೆಲೆಯೇ ತೀರ್ಮಾನ ಮಾಡಿಬಿಡುತ್ತೆ.

ನಿಮ್ಮಲ್ಲಿ ಕೆಟೂಲ್‌ಬಾರ್ ಕಾಲದೋರು ಯಾರಾದರೂ ಇದ್ದೀರಾ? ಜಾಡ್ ಫೈಲಿನ ಲೆಕ್ಕ ತಪ್ಪಿ ತಲೆ ಕೆರ್ಕೊಂಡ ಕತೆಗಳಿದ್ದರೆ ದಯವಿಟ್ಟು ಬರೀರಿ, ಓದೋಕೆ ಕಾಯ್ತಿರ್ತೀನಿ... :-)